ಅಪ್ಪನ ಬೆರಳಿನ ಮಾತು ಕೇಳುವ ಫೋನು

ಹೋದ ದೀಪಾವಳಿಗೆ ಅಪ್ಪನಿಗೆ ಅಂತ ದಾವಣಗೆರೆಯಲ್ಲಿ ಒಂದು ಟಚ್ ಫೋನ್ ತೆಗೆದುಕೊಂಡು ಊರಿಗೆ ಹೋಗಿದ್ದೆ. ಅಪ್ಪ ಎರಡು ದಿನ ಇಟ್ಟುಕೊಂಡರು. ಮೂರನೇ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅದನ್ನು ಡಬ್ಬಿ ಸಮೇತ ನನ್ನ ಮುಂದೆ ಇಟ್ಟು, "ಇದು ನನ್ನ ಬೆರಳಿನ ಮಾತು ಕೇಳಲ್ಲ ಕಣಪ್ಪ, ನೀನೇ ಇಟ್ಕೋ" ಅಂದರು.

ಹೊಸದನ್ನು ಕಲಿಯೋಕೆ ಬೇಜಾರು ಮಾಡಿಕೊಂಡಿದ್ದಾರೆ ಅಂತ ಮೊದಲು ಅನ್ನಿಸಿತು. ಹಂಗಲ್ಲ ಅಂತ ಪಕ್ಕದಲ್ಲಿ ಕೂತು ನೋಡಿದಾಗ ಗೊತ್ತಾಯಿತು. ಅಕ್ಕನ ಫೋನ್ ಬಂತು. ಪರದೆ ಮೇಲೆ ಹಸಿರು ಗುಂಡಿ ಕುಣಿಯುತ್ತಿತ್ತು. ಅಪ್ಪ ಹೆಬ್ಬೆರಳಿಟ್ಟು ಮೇಲಕ್ಕೆ ಎಳೆದರು. ಏನೂ ಆಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಒತ್ತಿ ಎಳೆದರು. ಆಗಲೂ ಇಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು ಮೂರನೇ ಸಲ ಎಳೆಯುವಷ್ಟರಲ್ಲಿ ರಿಂಗು ನಿಂತೇ ಹೋಯಿತು. ಅದೇ ಜಾಗಕ್ಕೆ ನಾನು ಬೆರಳು ತಾಗಿಸಿದರೆ ಸಾಕು, ಸರಕ್ಕನೆ ತೆರೆದುಕೊಳ್ಳುತ್ತಿತ್ತು.

ಅಪ್ಪನ ಕೈ ಹಿಡಿದು ನೋಡಿದೆ. ಎಷ್ಟೋ ವರ್ಷ ಆಗಿತ್ತು ಹಾಗೆ ಹಿಡಿದು. ಹೆಬ್ಬೆರಳಿನ ತುದಿ ಹುಣಸೆ ಮರದ ತೊಗಟೆ ಇದ್ದ ಹಾಗಿದೆ. ಉದ್ದಕ್ಕೆ ಎರಡು ಬಿರುಕು, ಬಿರುಕಿನೊಳಗೆ ಎಷ್ಟು ತೊಳೆದರೂ ಹೋಗದ ಕಪ್ಪು. ಸಲಿಕೆ ಹಿಡಿದು, ಈರುಳ್ಳಿ ಕಿತ್ತು, ಮೆಕ್ಕೆಜೋಳ ಮುರಿದು ಐವತ್ತು ವರ್ಷದಲ್ಲಿ ಆದ ಚರ್ಮ ಅದು. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಟಕ್ ಟಕ್ ಅನ್ನುತ್ತದೆ.

ಟಚ್ ಪರದೆಗೆ ಒತ್ತೋದು ಬೇಕಾಗಿಲ್ಲ, ಅದು ನೋಡುವುದು ಚರ್ಮವನ್ನು. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಇರುತ್ತದೆ, ಅದರಲ್ಲಿ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಇರುತ್ತದೆ. ನಮ್ಮ ಚರ್ಮದಲ್ಲಿ ತೇವ ಇದೆ, ಉಪ್ಪು ಇದೆ. ಹಾಗಾಗಿ ಬೆರಳು ತಾಗಿದ ಕಡೆ ಆ ವಿದ್ಯುತ್ತಿನಲ್ಲಿ ಚೂರು ವ್ಯತ್ಯಾಸ ಆಗುತ್ತದೆ. ಫೋನು ಹಿಡಿಯುವುದು ಆ ವ್ಯತ್ಯಾಸವನ್ನೇ. ಚರ್ಮ ಒಣಗಿ, ದಪ್ಪ ಕಟ್ಟಿ, ಗಟ್ಟಿಯಾಗಿದ್ದರೆ ಆ ವ್ಯತ್ಯಾಸ ಅದಕ್ಕೆ ಗೊತ್ತಾಗುವಷ್ಟು ಆಗುವುದೇ ಇಲ್ಲ. ಜೋರಾಗಿ ಒತ್ತಿದರೂ ಅಷ್ಟೇ. ಕೈ ಒದ್ದೆಯಾಗಿದ್ದರೆ ಇನ್ನೊಂದು ಕಷ್ಟ, ನೀರಿನ ಹನಿಯನ್ನೂ ಅದು ಬೆರಳು ಅಂದುಕೊಳ್ಳುತ್ತದೆ. ಅಂದರೆ ಮಣ್ಣು ಹಿಡಿದ ಕೈ, ನೀರು ಹಾಯಿಸುವ ಕೈ, ಇವೆರಡೂ ಅದಕ್ಕೆ ಆಗುವುದಿಲ್ಲ. ಅಪ್ಪನ ಕೈ ಬೆಳಗಿನಿಂದ ಸಂಜೆವರೆಗೆ ಇವೆರಡರಲ್ಲಿ ಒಂದು ಆಗಿಯೇ ಇರುತ್ತದೆ.

ಅವತ್ತಿನಿಂದ ನನಗೆ ಹಳೇ ಬಟನ್ ಫೋನುಗಳ ಬಗ್ಗೆ ಬರೆಯಬೇಕು ಅಂತ ಅನ್ನಿಸುತ್ತಿತ್ತು.

ಅಪ್ಪನ ಮೊದಲ ಫೋನು ನೋಕಿಯಾ 1100. 2005ರಲ್ಲಿ ಈರುಳ್ಳಿ ದುಡ್ಡು ಕೈಗೆ ಬಂದಾಗ ದಾವಣಗೆರೆಗೆ ಹೋಗಿ ತಂದಿದ್ದು. ನಮ್ಮೂರು ಇರುವುದು ಭರಮಸಾಗರದ ಹತ್ತಿರ, ಚಿತ್ರದುರ್ಗ ಮತ್ತು ದಾವಣಗೆರೆಯ ನಡುವೆ. ಜಿಲ್ಲೆ ಚಿತ್ರದುರ್ಗ ಆದರೂ ಸಂತೆ, ಆಸ್ಪತ್ರೆ, ಬಟ್ಟೆ, ಬೆಣ್ಣೆದೋಸೆ ಎಲ್ಲಕ್ಕೂ ದಾವಣಗೆರೆಯೇ. (1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಆಮೇಲೆ ಬೇರೆ ಆಯಿತು. ನಮ್ಮ ಕಡೆ ಹಿರಿಯರಿಗೆ ಈಗಲೂ ಎರಡೂ ಒಂದೇ.) ಅಲ್ಲಿಯವರೆಗೆ ನಮ್ಮೂರಲ್ಲಿ ಫೋನ್ ಅಂದರೆ ಒಬ್ಬರ ಮನೆಯ ಲ್ಯಾಂಡ್‌ಲೈನು. ಹಾಸ್ಟೆಲಿನಿಂದ ನಾನು ಅಲ್ಲಿಗೆ ಮಾಡಿ, "ಅಪ್ಪನ್ನ ಕರೀರಿ, ಹತ್ತು ನಿಮಿಷ ಬಿಟ್ಟು ಮಾಡ್ತೀನಿ" ಅಂತ ಹೇಳಿ, ಎಸ್‌ಟಿಡಿ ಬೂತಿನ ಮುಂದೆ ನಿಂತು ಕಾಯುತ್ತಿದ್ದೆ.

ದೇಶದಲ್ಲಿ ಮೊದಲ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಟೆಲಿಕಾಂ ಮಂತ್ರಿ ಸುಖ್ ರಾಮ್ ಅವರ ಜೊತೆ ಮಾತಾಡಿದರು. ಅದು ನಮ್ಮಂಥವರ ಜೇಬಿಗೆ ಬರೋಕೆ ಹತ್ತು ವರ್ಷ ಹಿಡಿಯಿತು. ಮೊದಮೊದಲು ನಮಗೆ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಿಂದ ಇನ್‌ಕಮಿಂಗ್ ಫ್ರೀ ಆಯಿತು. ಅಲ್ಲಿಂದ ಮುಂದೆಯೇ ರೈತರು, ಗಾರೆ ಕೆಲಸದವರು, ಆಟೋದವರು ಧೈರ್ಯವಾಗಿ ಫೋನ್ ತೆಗೆದುಕೊಂಡಿದ್ದು.

ಅದೇ 2003ರಲ್ಲಿ ನೋಕಿಯಾದವರು 1100 ಬಿಟ್ಟರು. ಈ ಫೋನನ್ನು ಅವರು ನಮ್ಮಂಥ ದೇಶಗಳನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮಾಡಿದ್ದು. ತೂಕ 86 ಗ್ರಾಂ. ಕಪ್ಪು ಅಕ್ಷರದ ಸಣ್ಣ ಪರದೆ, 96 ಚುಕ್ಕಿ ಅಗಲ, 65 ಚುಕ್ಕಿ ಎತ್ತರ. ಫೋನಿನೊಳಗೆ 50 ಹೆಸರು ಇಟ್ಟುಕೊಳ್ಳಬಹುದು, ಉಳಿದಿದ್ದು ಸಿಮ್ಮಿನಲ್ಲಿ. ಕ್ಯಾಮೆರಾ ಇಲ್ಲ, ರೇಡಿಯೋ ಇಲ್ಲ, ಇಂಟರ್ನೆಟ್ ಇಲ್ಲ. 25 ಕೋಟಿಗೂ ಜಾಸ್ತಿ ಮಾರಾಟ ಆಯಿತು. ನೋಕಿಯಾದ ನೂರು ಕೋಟಿಯ ಫೋನು 2005ರಲ್ಲಿ ನೈಜೀರಿಯಾದಲ್ಲಿ ಮಾರಾಟ ಆಯಿತಂತೆ, ಅದೂ ಒಂದು 1100ವೇ. ಅದನ್ನು ಓದಿದಾಗ ನನಗೆ, ಅಲ್ಲೂ ಯಾರೋ ಒಬ್ಬ ಅಪ್ಪ ಬೆಳೆ ದುಡ್ಡಲ್ಲಿ ಅದನ್ನು ತಂದಿರಬೇಕು ಅನ್ನಿಸಿತು.

ಅದರ ಕೀಪ್ಯಾಡು ಬಿಡಿ ಬಿಡಿ ಗುಂಡಿಗಳಲ್ಲ, ಒಂದೇ ರಬ್ಬರ್ ಹಾಳೆ. ಗುಂಡಿಗಳ ನಡುವೆ ಸಂದಿಯೇ ಇಲ್ಲ, ಹಾಗಾಗಿ ಧೂಳು ಒಳಗೆ ಹೋಗುವುದಿಲ್ಲ. ನಮ್ಮ ಕಡೆ ಮೆಕ್ಕೆಜೋಳ ಒಕ್ಕುವಾಗ ಏಳುವ ಧೂಳು ನೋಡಿದವರಿಗೆ ಇದರ ಬೆಲೆ ಗೊತ್ತು. ಎರಡೂ ಪಕ್ಕದಲ್ಲಿ ಬೆವರಿದ ಕೈಯಿಂದ ಜಾರದ ಹಾಗೆ ಉಬ್ಬು ಗೆರೆಗಳು. 5ರ ಗುಂಡಿ ಮೇಲೆ ಸಾಸಿವೆಗಿಂತ ಸಣ್ಣ ಉಬ್ಬು, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಅಪ್ಪ ಒತ್ತಿದರೆ ಗುಂಡಿ ಒಳಗೆ ಹೋಗುತ್ತಿತ್ತು, ಟಿಕ್ ಅನ್ನುತ್ತಿತ್ತು, ಬೆರಳನ್ನು ವಾಪಸ್ ತಳ್ಳುತ್ತಿತ್ತು. ಒತ್ತಿದ್ದೀಯಾ, ನನಗೆ ಗೊತ್ತಾಯಿತು ಅಂತ ಅದು ಹೇಳುವ ರೀತಿ ಅದು.

ಟಾರ್ಚ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಆಗ ನಮ್ಮ ಹೊಲಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿಯೇ ಜಾಸ್ತಿ ಬರುತ್ತಿತ್ತು. ಒಂದು ವಾರ ಹನ್ನೊಂದು ಗಂಟೆಗೆ, ಇನ್ನೊಂದು ವಾರ ಎರಡು ಗಂಟೆಗೆ. ಬೋರ್‌ವೆಲ್ ಮೋಟಾರ್ ಹಾಕೋಕೆ ಯಾರಾದರೂ ಎದ್ದು ಹೋಗಲೇಬೇಕು. ಬದುವಿನ ಮೇಲೆ ನಡೆಯಬೇಕು, ಬದುವಿನಲ್ಲಿ ಹಾವು ಇರುತ್ತವೆ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಬ್ಯಾಟರಿ, ಸೆಲ್ ಮುಗಿದರೆ ಬರೀ ಕತ್ತಲು. 1100ರ ತಲೆಯ ಮೇಲೆ ಒಂದು ಸಣ್ಣ ದೀಪ ಇತ್ತು. ಸಿ ಅನ್ನುವ ಗುಂಡಿ ಒತ್ತಿ ಹಿಡಿದರೆ ಹೊತ್ತಿಕೊಳ್ಳುತ್ತಿತ್ತು. ದೊಡ್ಡ ಬೆಳಕಲ್ಲ, ನಾಲ್ಕು ಹೆಜ್ಜೆ ಮುಂದೆ ಕಾಣುವಷ್ಟು. ಆದರೆ ಅದು ಯಾವಾಗಲೂ ಜೇಬಲ್ಲೇ ಇರುತ್ತಿತ್ತು. ಒಂದು ರಾತ್ರಿ ಆ ನಾಲ್ಕು ಹೆಜ್ಜೆ ಬೆಳಕಿನಲ್ಲಿ ಅಪ್ಪನಿಗೆ ಒಂದು ಮಂಡಲದ ಹಾವು ಕಂಡಿತ್ತು. ಮರುದಿನ ಅವ್ವ ಫೋನನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಆ ಕುಂಕುಮ ಉಬ್ಬು ಗೆರೆಗಳ ನಡುವೆ ಬಹಳ ದಿನ ಹಾಗೇ ಇತ್ತು.

ಹಾವಿನ ಆಟವೂ ಅದರಲ್ಲಿತ್ತು, ಅದು ತಮ್ಮನ ಪಾಲು. ಅದನ್ನು ಮೊದಲು ಮಾಡಿದ್ದು ನೋಕಿಯಾದ ಟನೆಲಿ ಅರ್ಮಾಂಟೊ ಅನ್ನುವವರು, 1997ರ 6110 ಫೋನಿಗೆ.

ಅವ್ವನಿಗೆ ಓದೋಕೆ ಬರುವುದಿಲ್ಲ. ಅಂಕಿಯೂ ಅಷ್ಟಕ್ಕಷ್ಟೇ. ಆದರೂ ಒಂದೇ ವಾರದಲ್ಲಿ ಆ ಫೋನು ಅವಳಿಗೆ ಬಂತು. ನಾನು 2ಕ್ಕೆ ಅಕ್ಕನ ಮನೆ, 3ಕ್ಕೆ ನನ್ನ ನಂಬರ್, 4ಕ್ಕೆ ಮಾವನ ಅಂಗಡಿ ಅಂತ ಸ್ಪೀಡ್ ಡಯಲ್ ಇಟ್ಟುಕೊಟ್ಟೆ. ಅವಳು ಅಂಕಿ ನೋಡಿ ಒತ್ತುತ್ತಿರಲಿಲ್ಲ. ಮೇಲಿನ ಸಾಲಿನ ನಡುವಿನದು ಮಗಳು, ಅದರ ಪಕ್ಕ ಮಗ, ಅದರ ಕೆಳಗಿನ ಸಾಲಲ್ಲಿ ಮೊದಲನೆಯದು ಅವಳ ತಮ್ಮ. ಒತ್ತಿ ಹಿಡಿಯೋದು, ಕಿವಿಗೆ ಇಟ್ಟುಕೊಳ್ಳೋದು. ಜಾಗ ಬದಲಾಗುವುದಿಲ್ಲ ಅನ್ನುವ ನಂಬಿಕೆ ಮೇಲೆ ಅವಳು ಫೋನ್ ಕಲಿತಳು. ಮೂರು ಸಲ ಕೆಳಗೆ, ಒಂದು ಸಲ ಸರಿ ಅಂತ ಎಣಿಸಿ ಮೆನುವಿನೊಳಗೂ ಹೋಗುತ್ತಿದ್ದಳು. ಅಡುಗೆ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದು, ಸಾಸಿವೆ ಡಬ್ಬಿ ಯಾವುದು ಅಂತ ಹೆಸರು ಬರೆದಿಟ್ಟುಕೊಂಡಿರುತ್ತಾರಾ? ಕೈಗೆ ಗೊತ್ತಿರುತ್ತದೆ, ಅಲ್ವಾ. ಹಾಗೆ.

ಮಿಸ್ ಕಾಲಿನ ಭಾಷೆ ಬೇರೆಯೇ ಇತ್ತು. ಟ್ರಾನ್ಸ್‌ಫಾರ್ಮರ್ ಹತ್ತಿರ ಮನೆ ಇರುವ ನಮ್ಮ ದೊಡ್ಡಪ್ಪ ಕರೆಂಟ್ ಬಂದ ತಕ್ಷಣ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ಕರೆಂಟ್ ಹೋಯಿತು ಅಂದರೆ ಎರಡು ರಿಂಗ್. ನಾನು ದಾವಣಗೆರೆಯಿಂದ ಬಸ್ ಹತ್ತಿದೆ ಅಂದರೆ ಒಂದು, ಊರ ಗೇಟಿನಲ್ಲಿ ಇಳಿದೆ ಅಂದರೆ ಇನ್ನೊಂದು. ಹೊಲದಿಂದ ಅಪ್ಪ ಮನೆಗೆ ಒಂದು ಕೊಟ್ಟರೆ ರೊಟ್ಟಿ ಕಳಿಸು ಅಂತ. ಒಂದು ಪೈಸೆ ಖರ್ಚಿಲ್ಲದೆ ಇಡೀ ಮನೆ ನಡೆಯುತ್ತಿತ್ತು. ಆ ಒಂದು ರಿಂಗ್ ಬಂದಾಗ ಮನೆಯಲ್ಲಿ ಯಾರೂ ಫೋನ್ ಎತ್ತಬಾರದು, ಎತ್ತಿದರೆ ದುಡ್ಡು ಹೋಗುತ್ತದೆ ಅಂತ ಮೂರು ವರ್ಷದ ಮಗುವಿಗೂ ಗೊತ್ತಿತ್ತು.

ನಾವು ಹುಡುಗರು ಎಸ್ಸೆಮ್ಮೆಸ್ ಕಡೆಯವರು. ಒಂದು ಮೆಸೇಜಿಗೆ 160 ಅಕ್ಷರ, ಅದೂ ಇಂಗ್ಲಿಷ್ ಅಕ್ಷರ. ಹಾಗಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆವು. 'ಊಟ' ಅಂತ (oota) ಬರೆಯಬೇಕು ಅಂದರೆ 6ನ್ನು ಮೂರು ಸಲ ಒತ್ತಿ, ಸ್ವಲ್ಪ ತಡೆದು, ಮತ್ತೆ ಮೂರು ಸಲ ಒತ್ತಿ, 8 ಒಂದು ಸಲ, 2 ಒಂದು ಸಲ. ಎರಡಕ್ಷರದ ಮಾತಿಗೆ ಎಂಟು ಒತ್ತು. ಕನ್ನಡ ಲಿಪಿಯಲ್ಲೇ ಕಳಿಸುವ ಫೋನುಗಳು ಆಮೇಲೆ ಬಂದವು. ಆದರೆ ಕನ್ನಡದಲ್ಲಿ ಬರೆದರೆ ಒಂದು ಮೆಸೇಜಿಗೆ 70 ಮಾತ್ರ. ಅದೂ ನಾವು ಎಣಿಸುವ ಹಾಗೆ ಎಣಿಸುವುದಿಲ್ಲ. 'ಸ್ತ್ರೀ' ನಮಗೆ ಒಂದಕ್ಷರ, ಮೆಸೇಜಿನ ಲೆಕ್ಕದಲ್ಲಿ ಆರು. ಸ, ಅದರ ಅರ್ಧದ ಗುರುತು, ತ, ಮತ್ತೆ ಅರ್ಧದ ಗುರುತು, ರ, ದೀರ್ಘ ಈಕಾರ. ನಮ್ಮ ಭಾಷೆಯವರು ನಮ್ಮ ಅಕ್ಷರದಲ್ಲಿ ಬರೆದರೆ ಎರಡು ಮೆಸೇಜಿನ ದುಡ್ಡು, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದರ ದುಡ್ಡು. ಇದು ನನಗೆ ಆಗಲೂ ನೋವಾಗುತ್ತಿತ್ತು, ಈಗ ನೆನೆಸಿಕೊಂಡರೂ ಆಗುತ್ತದೆ. ಒಂದು ತಲೆಮಾರಿನ ಹುಡುಗರು ಕನ್ನಡ ಬರೆಯುವುದನ್ನೇ ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಇನ್ನೊಂದು ಸಣ್ಣ ವಿಷಯ ಇತ್ತು, ಬಹಳ ಜನ ಮರೆತಿದ್ದಾರೆ. ಸೆಲ್ ಇನ್ಫೋ ಅಂತ ಆನ್ ಮಾಡಿ ಚಾನೆಲ್ 50 ಅಂತ ಕೊಟ್ಟರೆ, ಆಗ ನೀವು ಯಾವ ಟವರಿನ ಕೆಳಗೆ ಇದ್ದೀರೋ ಆ ಊರಿನ ಹೆಸರು ಪರದೆ ಮೇಲೆ ಬರುತ್ತಿತ್ತು. ರಾತ್ರಿ ಬಸ್ಸಿನಲ್ಲಿ ಚಿತ್ರದುರ್ಗ ಬಿಟ್ಟ ಮೇಲೆ ಕಿಟಕಿಯಾಚೆ ಏನೂ ಕಾಣುವುದಿಲ್ಲ. ಫೋನು ನೋಡುತ್ತಾ ಕೂತಿರುತ್ತಿದ್ದೆ. ಚಿತ್ರದುರ್ಗ ಅಂತ ಇದ್ದದ್ದು ಹೋಗಿ ಭರಮಸಾಗರ ಅಂತ ಬಂದ ಕೂಡಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದೆ. ಮ್ಯಾಪ್ ಇಲ್ಲದ ಕಾಲದಲ್ಲಿ ಅಷ್ಟು ಸಾಕಾಗುತ್ತಿತ್ತು.

ಆ ಫೋನು ಎರಡು ಸಲ ಕೆಟ್ಟಿತು. ಒಂದು ಸಲ ತೊಟ್ಟಿ ನೀರಿಗೆ ಬಿತ್ತು, ಇನ್ನೊಂದು ಸಲ ಮೈಕ್ ಹೋಯಿತು. ಎರಡು ಸಲವೂ ದಾವಣಗೆರೆಯಲ್ಲಿ ರಿಪೇರಿ. ಅಂಗಡಿ ಹುಡುಗ ಹಿಂದಿನ ಮುಚ್ಚಳ ಜಾರಿಸಿ, ಬ್ಯಾಟರಿ ತೆಗೆದು, ಮುಂದಿನ ಪ್ಯಾನೆಲ್ ಬಿಚ್ಚಿ, ಸ್ಕ್ರೂ ಕಳಚಿ ನಮ್ಮ ಮುಂದೆಯೇ ಎಲ್ಲವನ್ನೂ ಬಟ್ಟೆ ಮೇಲೆ ಹರಡಿಕೊಂಡ. ಅಪ್ಪ ಬಗ್ಗಿ ನೋಡಿದರು. ಯಾವುದು ಮೈಕು, ಯಾವುದು ರಿಂಗರು ಅಂತ ಕೇಳಿ ತಿಳಿದುಕೊಂಡರು. ಕೆಲಸ ಮುಗಿಯುವಷ್ಟರಲ್ಲಿ ನಾವು ಎದುರುಗಡೆ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆವು. ಈಗಿನ ಫೋನಿನ ಬ್ಯಾಟರಿ ಬದಲಾಯಿಸಬೇಕು ಅಂದರೆ ಅಂಟು ಬಿಸಿ ಮಾಡಿ ಗಾಜು ಎಬ್ಬಿಸಬೇಕು.

ಬ್ಯಾಟರಿ ಅಂದಾಗ ನೆನಪಾಯಿತು. ಅದರ ಹೆಸರು ಬಿಎಲ್-5ಸಿ. 2007ರ ಆಗಸ್ಟಿನಲ್ಲಿ, ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು ಅಂತ ಕಂಪನಿಯೇ ಹೇಳಿ, 4.6 ಕೋಟಿ ಬ್ಯಾಟರಿ ಬದಲಾಯಿಸಿಕೊಡುವುದಾಗಿ ಪ್ರಕಟಿಸಿತು. ಕಾಲೇಜಿನಲ್ಲಿ ಎಲ್ಲರೂ ಬ್ಯಾಟರಿ ತಿರುಗಿಸಿ ನಂಬರ್ ನೋಡಿಕೊಂಡಿದ್ದೆವು. ನಮ್ಮದು ಆ ಸಾಲಿನದಲ್ಲ. ಆ ಬ್ಯಾಟರಿ ಈಗಲೂ ಸಿಗುತ್ತದೆ. ಸಂತೆಯಲ್ಲಿ ಮಾರುವ ಸಣ್ಣ ಎಫ್‌ಎಂ ರೇಡಿಯೋ, ಹಾಡು ಹಾಕುವ ಸ್ಪೀಕರ್ ಡಬ್ಬಿ ಬಿಚ್ಚಿ ನೋಡಿ, ಒಳಗೆ ಅದೇ ಅಳತೆಯದು ಇರುತ್ತದೆ.

2011ರಲ್ಲಿ ಅಪ್ಪನಿಗೆ ಇನ್ನೊಂದು ಬಟನ್ ಫೋನ್ ಬಂತು. ಹಳೇ 1100 ಮೂಲೆಗೆ ಹೋಗಬೇಕಿತ್ತು, ಹೋಗಲಿಲ್ಲ. ಭರಮಸಾಗರದಲ್ಲಿ ಮೋಟಾರ್ ರಿಪೇರಿ ಮಾಡುವ ಒಬ್ಬರು ಅದನ್ನು ಪಂಪ್‌ಹೌಸಿನ ಸ್ಟಾರ್ಟರ್ ಪಕ್ಕ ಒಂದು ತಗಡಿನ ಡಬ್ಬಿಯಲ್ಲಿ ಕೂರಿಸಿಕೊಟ್ಟರು. ಇದು ಹೇಗೆ ಕೆಲಸ ಮಾಡುತ್ತದೆ ಅಂತ ನಾನು ಅವರ ಪಕ್ಕದಲ್ಲೇ ಕೂತು ಕಲಿತೆ. ಫೋನಿಗೆ ಇಯರ್‌ಫೋನ್ ವೈರ್ ಸಿಕ್ಕಿಸಿ, ಕರೆ ತಾನಾಗಿ ಎತ್ತಿಕೊಳ್ಳುವ ಹಾಗೆ ಸೆಟ್ಟಿಂಗ್ ಮಾಡುತ್ತಾರೆ. ಮನೆಯಿಂದ ಆ ನಂಬರಿಗೆ ಮಾಡಿದರೆ ಅದು ಎತ್ತಿಕೊಳ್ಳುತ್ತದೆ. ಆಗ ನಾವು ನಮ್ಮ ಫೋನಿನಲ್ಲಿ 1 ಒತ್ತಬೇಕು. ಬಟನ್ ಒತ್ತಿದಾಗ ಕೇಳುವ ಟೂಂ ಅನ್ನುವ ಸದ್ದು ಸುಮ್ನೆ ಸದ್ದಲ್ಲ, ಎರಡು ಸ್ವರ ಸೇರಿದ್ದು. 1ಕ್ಕೆ 697 ಮತ್ತು 1209 ಹರ್ಟ್ಸ್, 5ಕ್ಕೆ 770 ಮತ್ತು 1336 ಹರ್ಟ್ಸ್. ಪ್ರತಿ ಗುಂಡಿಗೂ ಬೇರೆ ಬೇರೆ ಜೋಡಿ. ಮಾತಾಡುವಾಗ ಅಂಥ ಜೋಡಿ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ, ಅದಕ್ಕೇ ಹಾಗೆ ಆರಿಸಿದ್ದಾರೆ. ಇಯರ್‌ಫೋನ್ ವೈರಿನಲ್ಲಿ ಬರುವ ಆ ಜೋಡಿಯನ್ನು ಡಬ್ಬಿಯೊಳಗಿನ ಒಂದು ಸಣ್ಣ ಐಸಿ, ಅಂದರೆ ಚಿಪ್ಪು, ಗುರುತಿಸುತ್ತದೆ. ಗುರುತಿಸಿದ ಕೂಡಲೇ ರಿಲೇ ಅನ್ನುವ ತಾನಾಗಿ ಬೀಳುವ ಸ್ವಿಚ್ಚು ಎಳೆಯುತ್ತದೆ, ರಿಲೇ ಸ್ಟಾರ್ಟರನ್ನು ಎಳೆಯುತ್ತದೆ, ಮೋಟಾರ್ ಶುರು. ಆಫ್ ಮಾಡೋಕೆ ಇನ್ನೊಂದು ಗುಂಡಿ.

ಅವತ್ತಿನಿಂದ ಅಪ್ಪ ರಾತ್ರಿ ಎರಡು ಗಂಟೆಗೆ ಹೊಲಕ್ಕೆ ಹೋಗುವುದು ನಿಂತಿತು. ನಾಲ್ಕು ಹೆಜ್ಜೆ ಬೆಳಕು ಕೊಟ್ಟು ಕಾದಿದ್ದ ಫೋನು ಈಗ ಹೋಗುವ ಕೆಲಸವನ್ನೇ ತಪ್ಪಿಸಿತು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಲ್ಲ.

ಟಚ್ ಫೋನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ನಾನಿದನ್ನು ಬರೆಯುತ್ತಿರುವುದೂ ಅದರಲ್ಲೇ. ಓದು ಬಾರದ ಅವ್ವ ಈಗ ವಾಟ್ಸಾಪಿನಲ್ಲಿ ಮೈಕ್ ಚಿತ್ರ ಒತ್ತಿ ಹಿಡಿದು ನನಗೆ ದಿನಾ ಮಾತು ಕಳಿಸುತ್ತಾಳೆ. ಮೊಮ್ಮಗಳ ಮುಖ ನೋಡಿ ಮಾತಾಡುತ್ತಾಳೆ. ಅವಳ ಬೆರಳು ಪಾತ್ರೆ ತೊಳೆದು, ಹಿಟ್ಟು ನಾದಿ ಮೆತ್ತಗೇ ಉಳಿದಿದೆ, ಪರದೆ ಕೇಳುತ್ತದೆ. ನನ್ನ ತಕರಾರು ಇಷ್ಟೇ: ಎಲ್ಲ ಕೆಲಸವನ್ನೂ ಪರದೆಯೊಳಗೇ ತುಂಬುತ್ತಾ ಹೋದರೆ ಅಪ್ಪನಂಥ ಬೆರಳಿನವರು ಎಲ್ಲಿಗೆ ಹೋಗಬೇಕು? ಹೆಬ್ಬೆಟ್ಟಿಡುವ ಯಂತ್ರದ ಮುಂದೆಯೂ ಅವರದು ಇದೇ ಕಥೆ, ಗೆರೆ ಸವೆದು ಹೋಗಿವೆ, ನಾಲ್ಕೈದು ಸಲ ಇಟ್ಟರೆ ಒಂದು ಸಲ ಹಿಡಿಯುತ್ತದೆ. ದುಡಿದ ಕೈಗೇ ಈ ಕಷ್ಟ ಬರುತ್ತದೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬಟನ್ ಫೋನಿನಲ್ಲೂ ದುಡ್ಡು ಕಳಿಸಬಹುದಾದ ಯುಪಿಐ 123ಪೇ 2022ರಲ್ಲಿ ಬಂತು. ಅಪ್ಪನಿಗೆ ಹೇಳಿಕೊಟ್ಟೆ, ಕರೆ ಮಾಡಿ ಅಂಕಿ ಒತ್ತಿದರೆ ಆಗುತ್ತದೆ. ಇಂಥದ್ದು ಇನ್ನೂ ಬರಬೇಕು.

ಆ ಟಚ್ ಫೋನನ್ನು ತಮ್ಮನಿಗೆ ಕೊಟ್ಟೆ. ಅಪ್ಪನಿಗೆ ಒಂದು ಹೊಸ ಬಟನ್ ಫೋನ್ ತರೋಕೆ ದಾವಣಗೆರೆಯಲ್ಲಿ ಮೂರು ಅಂಗಡಿ ತಿರುಗಿದೆ. ಕೆಲವದರಲ್ಲಿ ಗುಂಡಿ ತೀರಾ ಚಿಕ್ಕವು, ಅಪ್ಪನ ಒಂದು ಬೆರಳಿಗೆ ಎರಡು ಗುಂಡಿ ಸಿಗುತ್ತವೆ. ಕೆಲವದರಲ್ಲಿ ಒತ್ತಿದ್ದು ಗೊತ್ತೇ ಆಗುವುದಿಲ್ಲ. ಕೊನೆಗೆ ಒಂದು ಸಿಕ್ಕಿತು, 5ರ ಮೇಲೆ ಉಬ್ಬು ಇತ್ತು.

ಊರಿಗೆ ಹೋದ ರಾತ್ರಿ ಅದಕ್ಕೆ ಸಿಮ್ ಹಾಕಿ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಮೊದಲು ಮಾಡಿದ್ದು ಪಂಪ್‌ಹೌಸಿನ ನಂಬರಿಗೆ. ಅಲ್ಲಿ ತಗಡಿನ ಡಬ್ಬಿಯಲ್ಲಿ 1100 ಈಗಲೂ ಇದೆ. ಚಾರ್ಜರ್ ಎರಡು ಸಲ, ಬ್ಯಾಟರಿ ಮೂರು ಸಲ ಬದಲಾಗಿದೆ. ಅದು ಬರೀ 2ಜಿ ಫೋನು, 4ಜಿ ಮಾತ್ರ ಇರುವ ಕಂಪನಿಯ ಸಿಮ್ ಹಾಕಿದರೆ ನೆಟ್‌ವರ್ಕ್ ಹಿಡಿಯುವುದಿಲ್ಲ, ಹಾಗಾಗಿ ಅದರ ಹಳೇ ಸಿಮ್ಮನ್ನು ಅಪ್ಪ ಮರೆಯದೆ ರೀಚಾರ್ಜ್ ಮಾಡಿಸುತ್ತಾರೆ. ಇಯರ್‌ಫೋನಿನ ಮೈಕನ್ನು ಅವರೇ ಕಿಟಕಿಯ ಸರಳಿಗೆ ಕಟ್ಟಿದ್ದಾರೆ, ತೊಟ್ಟಿಯ ಕಡೆ ಮುಖ ಮಾಡಿ.

ಅಪ್ಪ 1 ಒತ್ತಿದರು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ನಾನೂ ಕಿವಿ ಹತ್ತಿರ ತಂದೆ. ಧಡ್ ಅಂತ ಸ್ಟಾರ್ಟರ್ ಎಳೆದ ಸದ್ದು. ಆಮೇಲೆ ಸ್ವಲ್ಪ ಹೊತ್ತು ಬರೀ ಗುಂಯ್. ಅಪ್ಪ ಕೈ ಎತ್ತಿ ತಡಿ ಅಂದರು. ಮೊದಲು ಗಾಳಿ ಉಗುಳಿದ ಸದ್ದು, ಆಮೇಲೆ ದೂರದಲ್ಲಿ, ಕತ್ತಲಲ್ಲಿ, ತೊಟ್ಟಿಗೆ ನೀರು ಬಿದ್ದದ್ದು ಕೇಳಿಸಿತು.

"ನೀರು ಎತ್ತಿತು. ಎರಡಿಂಚು ಐತೆ" ಅಂದರು ಅಪ್ಪ. ಫೋನನ್ನು ಜೇಬಿಗೆ ಹಾಕಿಕೊಂಡು ಮಲಗೋಕೆ ಹೋದರು.